ಎರಡೂ ಡೋಸ್ ಆಗಿತ್ತು, ಆದರೂ ವಾರ್ಡಿನಲ್ಲಿ ಕೆಲವರಿಗೇ ಕೊರೊನಾ ಬಂತು: ಯಾಕೆ?

ಬಾಗಲಕೋಟೆ ಸಿಸ್ಟರ್
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಈಗ ನರ್ಸಿಂಗ್ ಓದುವ ಹುಡುಗಿಯರ ಒಂದು ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದೇನೆ. ಲಸಿಕೆ ಹಾಕಿಸಿಕೊಂಡ ಮೇಲೂ ಆಸ್ಪತ್ರೆ ಸಿಬ್ಬಂದಿಗೆ ಕೊರೊನಾ ಬರಲು ಏನೇನು ಕಾರಣ ಅನ್ನುವುದು ವಿಷಯ.

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾದಾಗ ಮೊದಲ ಸಾಲಿನಲ್ಲಿ ನಿಂತವರು ನಾವು. ಏಪ್ರಿಲ್ ಹೊತ್ತಿಗೆ ನಮ್ಮ ವಾರ್ಡಿನವರಿಗೆಲ್ಲ ಎರಡೂ ಡೋಸ್ ಮುಗಿದಿತ್ತು. ಆದರೂ ಮೇ ತಿಂಗಳಲ್ಲಿ ಒಬ್ಬೊಬ್ಬರೇ ಜ್ವರ ಅಂತ ಮಲಗಿದರು. 2022ರ ಜನವರಿಯಲ್ಲಂತೂ ಡ್ಯೂಟಿ ಪಟ್ಟಿ ತುಂಬಿಸಲು ಜನರೇ ಇರಲಿಲ್ಲ. ನನಗೆ ಇವತ್ತಿಗೂ ಅರ್ಥವಾಗದ ಸಂಗತಿ ಇದು: ಐಸಿಯುನಲ್ಲಿ ಪೇಶೆಂಟಿನ ಗಂಟಲಿಗೆ ಟ್ಯೂಬ್ ಹಾಕುವಾಗ ಪಕ್ಕದಲ್ಲೇ ನಿಲ್ಲುತ್ತಿದ್ದ ಸಿಸ್ಟರಿಗೆ ಏನೂ ಆಗಲಿಲ್ಲ. ರೆಕಾರ್ಡ್ ರೂಮಿನಲ್ಲಿ ಕೂರುವವರಿಗೆ ಎರಡು ಸಲ ಬಂತು.

ಆಗ ಮೇಲಿನವರು ನಮಗೆ ಹೇಳಿದ್ದು ಒಂದೇ ಮಾತು: "ನೀವು ಪಿಪಿಇ ಕಿಟ್ ಸರಿಯಾಗಿ ಹಾಕಿಲ್ಲ, ತಪ್ಪು ನಿಮ್ಮದೇ." ಆ ಮಾತು ಕೇಳಿ ಅತ್ತವರನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಪ್ರಾಜೆಕ್ಟ್ ಸರಿಯಾಗಿ ಆಗಬೇಕು ಅನ್ನುವ ಹಟ ನನಗೆ.

ಹುಡುಗಿಯರು ಮಾಡಿದ ಫಾರಂನಲ್ಲಿ ವಯಸ್ಸು, ಗಂಡು-ಹೆಣ್ಣು, ಬಿಪಿ-ಶುಗರ್, ಯಾವ ಲಸಿಕೆ, ಯಾವ ವಾರ್ಡ್, ಇಷ್ಟೇ ಇದೆ. ಇಷ್ಟು ಸಾಕಾ? ಆ ಕಾಲದಲ್ಲಿ ಕೆಲಸ ಮಾಡಿದವರು ಬೆಳಗಾವಿ, ವಿಜಯಪುರ ಕಡೆ ಬಹಳ ಜನ ಇದ್ದೀರಿ. ನಿಮ್ಮ ಅನುಭವ ಹೇಳಿ.

ಗುಮ್ಮಟದೂರಿನವ
ಸಿಸ್ಟರ್, ನೇರವಾಗಿ ಕೇಳುತ್ತೇನೆ. ಆಗ ಪಾಸಿಟಿವ್ ಬಂದ ಸಿಬ್ಬಂದಿಯಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ ಅಲ್ವಾ? ಹಾಗಾದರೆ ಲಸಿಕೆ ಏನು ಕೆಲಸ ಮಾಡಿತು? ಇದನ್ನು ಮೊದಲು ಹೇಳಿ, ಆಮೇಲೆ ಉಳಿದ ಕಾರಣ ಹುಡುಕೋಣ.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ನಾನು ಪಿಎಸ್‌ಎಂ, ಅಂದರೆ ಸಮುದಾಯ ಆರೋಗ್ಯ ವಿಭಾಗದ ಡಾಕ್ಟರ್. ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಸುಮ್ನೆ ಒಂದು ಉದಾಹರಣೆ ತಗೊಳ್ಳಿ. ಆಸ್ಪತ್ರೆಯಲ್ಲಿ 1000 ಸಿಬ್ಬಂದಿ. ಅದರಲ್ಲಿ 950 ಮಂದಿಗೆ ಲಸಿಕೆ ಆಗಿದೆ, 50 ಮಂದಿಗೆ ಆಗಿಲ್ಲ. ಲಸಿಕೆ ಆದವರಲ್ಲಿ ನೂರಕ್ಕೆ 10 ಜನರಿಗೆ ಸೋಂಕು ಬಂತು ಅನ್ನಿ, ಅಂದರೆ 95 ಜನ. ಆಗದವರಲ್ಲಿ ನೂರಕ್ಕೆ 30 ಜನರಿಗೆ ಬಂತು, ಅಂದರೆ 15 ಜನ. ಒಟ್ಟು 110 ಪಾಸಿಟಿವ್, ಅದರಲ್ಲಿ 95 ಮಂದಿ ಲಸಿಕೆ ಆದವರು. ಪಟ್ಟಿ ನೋಡಿದವರಿಗೆ "ಎಲ್ಲ ಲಸಿಕೆಯವರೇ" ಅನಿಸುತ್ತದೆ. ಆದರೆ ಲಸಿಕೆ ಆಗದವರಿಗೆ ಅಪಾಯ ಮೂರು ಪಟ್ಟು ಇತ್ತು.

ಇದು ಊಹೆಯ ಲೆಕ್ಕ, ಸರಿ. ನಿಜವಾದ ಲೆಕ್ಕ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು ಇದೆ. 2021ರ ಫೆಬ್ರವರಿ 21ರಿಂದ ಮೇ 19ರವರೆಗೆ, ಅಂದರೆ ಎರಡನೇ ಅಲೆಯ ನಡುವೆಯೇ, ಅವರು ತಮ್ಮ 10,600 ಸಿಬ್ಬಂದಿಯ ಮಾಹಿತಿ ನೋಡಿದರು. ಬಹುತೇಕರು ತಗೊಂಡದ್ದು ಕೋವಿಶೀಲ್ಡ್. ಎರಡೂ ಡೋಸ್ ಪೂರ್ತಿಯಾದ 7080 ಜನರಲ್ಲಿ 679 ಜನರಿಗೆ ಸೋಂಕು ಬಂತು, ನೂರಕ್ಕೆ 9.6. ಒಂದೂ ಡೋಸ್ ಇಲ್ಲದ 1609 ಜನರಲ್ಲಿ 438, ನೂರಕ್ಕೆ 27.2. ಅಂದರೆ ಲಸಿಕೆ ಪೂರ್ತಿಯಾದವರಲ್ಲಿ ಸೋಂಕು 65%, ಆಸ್ಪತ್ರೆ ಸೇರುವುದು 77%, ಆಕ್ಸಿಜನ್ ಬೇಕಾಗುವುದು 92%, ಐಸಿಯು 94% ಕಡಿಮೆ ಆಗಿತ್ತು. ಅಲ್ಲಿ ತೀರಿಕೊಂಡ ಒಬ್ಬರೇ ಒಬ್ಬ ಸಿಬ್ಬಂದಿ ಲಸಿಕೆ ತಗೊಂಡಿರಲಿಲ್ಲ, ಬೇರೆ ಕಾಯಿಲೆಗಳೂ ಇದ್ದವು.

ಲಸಿಕೆ ಏನು ಮಾಡಿತು ಅನ್ನುವುದಕ್ಕೆ ನನ್ನ ಉತ್ತರ ಇದು. ಆದರೆ ಸಿಸ್ಟರ್ ಕೇಳುತ್ತಿರುವುದು ಬೇರೆ. ಆ 679 ಜನ ಯಾರು, ಉಳಿದವರಿಗೆ ಯಾಕೆ ಬರಲಿಲ್ಲ ಅಂತ ಕೇಳುತ್ತಿದ್ದಾರೆ.

ಗುಮ್ಮಟದೂರಿನವ
ಲೆಕ್ಕ ಒಪ್ಪಿದೆ ಡಾಕ್ಟ್ರೇ. ಆದರೆ ವೆಲ್ಲೂರಿನದು ಎರಡನೇ ಅಲೆ. 2022ರ ಜನವರಿಯಲ್ಲಿ ಬಂದದ್ದು ಒಮಿಕ್ರಾನ್. ಆಗ ಈ 65%, 77% ನಿಲ್ಲಲಿಲ್ಲ ಅಲ್ವಾ?

ಪಿಎಸ್‌ಎಂ ಡಾಕ್ಟರ್, ವಿಜಯಪುರ
ಸೋಂಕು ತಡೆಯುವ ವಿಷಯದಲ್ಲಿ ನಿಲ್ಲಲಿಲ್ಲ, ನಿಜ. ಒಮಿಕ್ರಾನ್ ಹಳೆಯ ಪ್ರತಿಕಾಯಗಳಿಂದ (ವೈರಸ್ ತಡೆಯಲು ಮೈ ತಯಾರಿಸಿಕೊಂಡ ಅಂಶ) ಸುಲಭವಾಗಿ ತಪ್ಪಿಸಿಕೊಂಡಿತು. ತೀವ್ರ ಕಾಯಿಲೆ ತಡೆಯುವ ಶಕ್ತಿ ಮಾತ್ರ ಬಹಳ ಮಟ್ಟಿಗೆ ಉಳಿಯಿತು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಘೋಷಣೆಯಾದದ್ದು ನಮ್ಮ ಕರ್ನಾಟಕದಲ್ಲೇ. ಅದರಲ್ಲಿ ಒಬ್ಬರು ಬೆಂಗಳೂರಿನ ಡಾಕ್ಟರ್. ಎರಡೂ ಡೋಸ್ ಆಗಿತ್ತು, ವಿದೇಶಕ್ಕೂ ಹೋಗಿರಲಿಲ್ಲ.

ಹಾಗಾಗಿ ಸಿಸ್ಟರ್, ಎರಡನೇ ಅಲೆ ಮತ್ತು ಮೂರನೇ ಅಲೆಯ ಮಾಹಿತಿಯನ್ನು ಒಂದೇ ಟೇಬಲ್ಲಿನಲ್ಲಿ ಕಲಸಬೇಡಿ. ಎರಡನ್ನೂ ಬೇರೆ ಬೇರೆ ಇಡಿ. ವೈರಸ್ಸಿನ ಅವತಾರ ಬದಲಾದರೆ ಕಾರಣಗಳ ತೂಕವೂ ಬದಲಾಗುತ್ತದೆ.

ಐಸಿಯು ಟೆಕ್ನೀಷಿಯನ್
ಟ್ಯೂಬ್ ಹಾಕುವವರ ಪಕ್ಕ ನಿಲ್ಲುತ್ತಿದ್ದ ಸಿಸ್ಟರಿಗೆ ಯಾಕೆ ಬರಲಿಲ್ಲ ಅಂದಿರಲ್ಲ, ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಐಸಿಯುನಲ್ಲಿ ನಮಗೆ ಭಯ ಇತ್ತು. ಎನ್-95, ಅದರ ಮೇಲೆ ಫೇಸ್ ಶೀಲ್ಡ್, ಎರಡು ಜೊತೆ ಗ್ಲೌಸ್. ವಿಜಯಪುರದ ಮೇ ಬಿಸಿಲಿನಲ್ಲಿ ಆ ಕಿಟ್ ಒಳಗೆ ಬೆವರು ಬೂಟಿಗೆ ಇಳಿಯುತ್ತಿತ್ತು, ಆದರೂ ಯಾರೂ ಬಿಚ್ಚುತ್ತಿರಲಿಲ್ಲ. ಒಳಗೆ ಹೋಗುವಾಗ ಒಬ್ಬರು ಇನ್ನೊಬ್ಬರ ಮಾಸ್ಕ್ ಸರಿಯಾಗಿ ಕೂತಿದೆಯಾ ನೋಡುತ್ತಿದ್ದೆವು.

ನನ್ನ ಪ್ರಕಾರ ಅಪಾಯ ಇದ್ದದ್ದು ಹೊರಗೆ ಬಂದ ಮೇಲೆ. ಕಿಟ್ ಬಿಚ್ಚುವಾಗ. ಆರು ತಾಸು ನೀರು ಕುಡಿದಿರುವುದಿಲ್ಲ, ತಲೆ ಸುತ್ತುತ್ತಿರುತ್ತದೆ. ಯಾವಾಗ ಒಮ್ಮೆ ಮುಖದ ಮೇಲಿನದು ತೆಗೆಯುತ್ತೇನೋ ಅನಿಸುತ್ತಿರುತ್ತದೆ. ಕೈ ತೊಳೆಯದೇ ಮಾಸ್ಕಿನ ಮುಂಭಾಗ ಮುಟ್ಟಿಬಿಡುತ್ತೇವೆ. ಬಿಚ್ಚುವ ರೂಮು ಚಿಕ್ಕದು, ಕಿಟಕಿ ಇಲ್ಲ, ಒಂದೇ ಸಲ ನಾಲ್ಕು ಜನ. ಫಾರಂನಲ್ಲಿ "ಪಿಪಿಇ ಹಾಕಿದ್ದಿರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಎಲ್ಲಿ ಬಿಚ್ಚುತ್ತಿದ್ದಿರಿ, ಜೊತೆಗೆ ಎಷ್ಟು ಜನ ಇರುತ್ತಿದ್ದರು ಅಂತ ಕೇಳಿ.

ಟಿಳಕವಾಡಿ
ನೂರಕ್ಕೆ ನೂರು ನಿಜ. ಇದರ ಜೊತೆ ಚಹಾ ರೂಮ್ ಸೇರಿಸಿ.

ಹಾಸ್ಟೆಲ್ ಅಕ್ಕ, ಬೆಳಗಾವಿ
ಚಹಾ ರೂಮಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಸ್ಪ್ಲಿಟ್ ಎಸಿ ಇತ್ತು. ಬಾಗಿಲು ಮುಚ್ಚಿ ಎಸಿ ಹಾಕಿ ಊಟಕ್ಕೆ ಕೂರುತ್ತಿದ್ದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ನಡುವೆ ಇಟ್ಟು ಹಂಚಿಕೊಂಡು ತಿನ್ನುವುದು. ಇಡೀ ದಿನದಲ್ಲಿ ನಗುತ್ತಿದ್ದದ್ದು ಅದೊಂದೇ ಹೊತ್ತು. ಆಗ ಯಾರ ಮುಖದ ಮೇಲೂ ಮಾಸ್ಕ್ ಇಲ್ಲ, ಬಾಯಿತುಂಬ ಮಾತು. "ನಾವೆಲ್ಲ ಲಸಿಕೆ ಹಾಕಿಸಿಕೊಂಡವರು, ನಮ್ಮ ನಮ್ಮಲ್ಲಿ ಏನು ಭಯ" ಅನ್ನುವ ಧೈರ್ಯ ಬೇರೆ.

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರುವುದಿಲ್ಲ. ಒಳಗಿರುವ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಒಬ್ಬರಿಗೆ ಸೋಂಕು ಇದ್ದರೆ ಆ ರೂಮಿನಲ್ಲಿ ಇರುವವರೆಲ್ಲ ಅದೇ ಗಾಳಿ ಉಸಿರಾಡುತ್ತಾರೆ. ಇಂಟ್ಯುಬೇಷನ್, ಅಂದರೆ ಗಂಟಲಿಗೆ ಟ್ಯೂಬ್ ಹಾಕುವ ಕೆಲಸ, ಮಾಡುವ ಜಾಗದಲ್ಲಿ ತಾಸಿಗೆ 12 ಸಲ ಗಾಳಿ ಬದಲಾಗಬೇಕು ಅಂತ ನಿಯಮ ಇದೆ. ಸಿಬ್ಬಂದಿ ಊಟ ಮಾಡುವ ಜಾಗಕ್ಕೆ ಇಂಥ ಲೆಕ್ಕ ಯಾರೂ ಕೇಳಲೇ ಇಲ್ಲ. ನಮ್ಮಲ್ಲಿ ಒಬ್ಬ ಹಿರಿಯ ಸಿಸ್ಟರ್ ಗಲಾಟೆ ಮಾಡಿ ಊಟವನ್ನು ವರಾಂಡಕ್ಕೆ ಸಾಗಿಸಿದರು. ಅದರಿಂದಲೇ ಕಡಿಮೆಯಾಯಿತು ಅಂತ ನಾನು ಹೇಳಲಾರೆ, ಯಾಕೆಂದರೆ ಅಷ್ಟರಲ್ಲಿ ಅಲೆಯೇ ಇಳಿಯುತ್ತಿತ್ತು. ಆದರೆ ಮಾಡಿದ್ದು ಸರಿ.

ಅಮೀನಗಡದವ
ಎಣ್ಣೆಗಾಯಿ ಹೆಸರು ಹೇಳಿ ಹೊಟ್ಟೆ ಹಸಿಸಿಬಿಟ್ಟಿರಿ ಅಕ್ಕಾರ. ಆ ಲಾಕ್‌ಡೌನಿನಲ್ಲಿ ನಮ್ಮೂರಿನ ಕರದಂಟು ಅಂಗಡಿಗಳೂ ಬಾಗಿಲು ಹಾಕಿದ್ದವು. ಬಾಣಂತಿಯರ ಮನೆಯವರು ಬಂದು ಬಾಗಿಲು ಬಡಿಯುತ್ತಿದ್ದರು.

ಟಿಳಕವಾಡಿ
ಅಮೀನಗಡದ್ದು ಮೇಲೋ ಗೋಕಾಕದ್ದು ಮೇಲೋ ಅಂತ ಈಗ ಶುರು ಮಾಡಬೇಡಿ ಮಾರಾಯರೇ, ಈ ಚರ್ಚೆ ಮುಗಿಯುವುದಿಲ್ಲ.

ಬಾಗಲಕೋಟೆ ಸಿಸ್ಟರ್
ಹಾಸ್ಟೆಲ್ ಅಕ್ಕ, ಊಟದ ರೂಮಿನ ಪ್ರಶ್ನೆ ಖಂಡಿತ ಸೇರಿಸುತ್ತೇನೆ. ನಮ್ಮ ರೆಕಾರ್ಡ್ ರೂಮ್ ಕೂಡ ಕಿಟಕಿ ಇಲ್ಲದ ಕೋಣೆಯೇ. ಅಲ್ಲಿ ಎನ್-95 ಕೊಟ್ಟಿರಲಿಲ್ಲ, "ನಿಮಗೆ ಪೇಶೆಂಟ್ ಸಂಪರ್ಕ ಇಲ್ಲ" ಅಂತ. ಆದರೆ ವಾರ್ಡಿನವರೆಲ್ಲ ಫೈಲ್ ಹಿಡಿದು ಅಲ್ಲಿಗೇ ಬರುತ್ತಿದ್ದರು.

ಓದುಗ, ಮುಧೋಳ
ಮನೆಯ ವಿಷಯ ಯಾರೂ ಎತ್ತಲಿಲ್ಲ. ನಾನು ಫಾರ್ಮಸಿಸ್ಟ್. ನನಗೆ ಬಂದದ್ದು ಆಸ್ಪತ್ರೆಯಿಂದ ಅಲ್ಲ, ಮನೆಯಿಂದ. ತಮ್ಮನ ಮದುವೆ ಮಾತುಕತೆಗೆ ಬಂದ ನೆಂಟರಿಂದ ಮೊದಲು ಮನೆಯವರಿಗೆ ಬಂತು, ಆಮೇಲೆ ನನಗೆ. ಆದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ "ಕೆಲಸದ ಜಾಗದ ಸೋಂಕು" ಅಂತಲೇ ಬರೆದುಕೊಂಡರು.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ಇದು ಬಹಳ ಮುಖ್ಯ. ಇಸ್ರೇಲಿನ ಶೆಬಾ ಮೆಡಿಕಲ್ ಸೆಂಟರಿನವರು 2021ರಲ್ಲಿ ಇದೇ ವಿಷಯದ ಮೇಲೆ ಅಧ್ಯಯನ ಮಾಡಿದ್ದರು. ಫೈಜರ್ ಲಸಿಕೆ ಪೂರ್ತಿಯಾದ ಸಿಬ್ಬಂದಿಯಲ್ಲಿ ಟೆಸ್ಟ್ ಮಾಡಿದ್ದು 1497 ಜನರಿಗೆ, ಸೋಂಕು ಸಿಕ್ಕಿದ್ದು 39 ಜನರಿಗೆ. ಎಲ್ಲಿಂದ ಬಂತು ಅಂತ 37 ಜನರ ವಿಷಯದಲ್ಲಿ ತಿಳಿಯಿತು. ಅದರಲ್ಲಿ 21 ಜನರಿಗೆ ತಗುಲಿದ್ದು ಮನೆಯವರಿಂದ, ಅರ್ಧಕ್ಕಿಂತ ಜಾಸ್ತಿ! ಆ 37 ಪ್ರಕರಣಗಳಲ್ಲೂ ಸೋಂಕು ತಂದವರು ಲಸಿಕೆ ಆಗದವರು ಅನ್ನುವ ಅನುಮಾನ ಇತ್ತು.

ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡಿ. ಆರೋಗ್ಯ ಸಿಬ್ಬಂದಿಗೆ ಜನವರಿಯಲ್ಲಿ ಲಸಿಕೆ ಶುರುವಾಯಿತು. 60 ದಾಟಿದವರಿಗೆ ಮಾರ್ಚ್ 1ರಿಂದ, 45 ದಾಟಿದ ಎಲ್ಲರಿಗೂ ಏಪ್ರಿಲ್ 1ರಿಂದ, 18 ದಾಟಿದವರಿಗೆ ಮೇ 1ರಿಂದ. ಅಂದರೆ ಎರಡನೇ ಅಲೆ ಏರುವಾಗ ಸಿಸ್ಟರ್ ಒಬ್ಬರಿಗೆ ಎರಡೂ ಡೋಸ್ ಆಗಿದ್ದರೂ ಅವರ ಗಂಡನಿಗೆ, ಮೈದುನನಿಗೆ, ಮಕ್ಕಳಿಗೆ ಒಂದೂ ಆಗಿರಲಿಲ್ಲ. ಕೂಡು ಕುಟುಂಬ, ಎರಡು ಕೋಣೆ ಮನೆ. ಅಲ್ಲಿ ಯಾರು ಎನ್-95 ಹಾಕಿಕೊಂಡು ಮಲಗುತ್ತಾರೆ?

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಸೋಂಕು ಬಂದವರ ರಕ್ತದಲ್ಲಿ ವೈರಸ್ ತಡೆಯುವ ಪ್ರತಿಕಾಯಗಳು ಸೋಂಕು ಬರದವರಿಗಿಂತ ಕಡಿಮೆ ಇದ್ದವು, ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು. ಬಹುತೇಕರಿಗೆ ಸೌಮ್ಯವಾಗಿ ಬಂತು, ಆದರೆ ನೂರಕ್ಕೆ 19 ಜನರಿಗೆ ಆರು ವಾರ ದಾಟಿದರೂ ಲಕ್ಷಣಗಳು ಉಳಿದಿದ್ದವು. "ಲಸಿಕೆ ಆಗಿದೆ, ಸುಮ್ಮನೆ ನೆಗಡಿ" ಅಂತ ತಳ್ಳಿಹಾಕುವವರು ಇದನ್ನು ನೆನಪಿಡಬೇಕು.

ಆಶಾ ಕಾರ್ಯಕರ್ತೆ, ಅಥಣಿ ಕಡೆ
ನಮಸ್ಕಾರ ಮೇಡಂ. ನೀವೆಲ್ಲ ವಾರ್ಡು, ಐಸಿಯು ಅಂತ ಮಾತಾಡುತ್ತಿದ್ದೀರಿ. ನಾವು ಆಶಾದವರೂ ಆರೋಗ್ಯ ಸಿಬ್ಬಂದಿಯೇ. ನಮಗೂ ಮೊದಲ ಹಂತದಲ್ಲೇ ಲಸಿಕೆ ಕೊಟ್ಟರು. ಆದರೆ ನಮಗೆ ವಾರ್ಡ್ ಇಲ್ಲ, ಇಡೀ ಊರೇ ವಾರ್ಡು.

ಗಡಿ ಊರು ನಮ್ಮದು. ಮಹಾರಾಷ್ಟ್ರಕ್ಕೆ ದುಡಿಯಲು ಹೋದ ಮಂದಿ ವಾಪಸ್ ಬರುತ್ತಿದ್ದರು. ಅವರ ಮನೆಗೆ ಹೋಗಿ ಜ್ವರ ನೋಡಬೇಕು, ಬೆರಳಿಗೆ ಆಕ್ಸಿಮೀಟರ್ ಹಾಕಬೇಕು, ಕೈಗೆ ಕ್ವಾರಂಟೈನ್ ಸೀಲ್ ಹೊಡೆಸಿಕೊಂಡವರು ಮನೆಯಲ್ಲಿದ್ದಾರಾ ನೋಡಬೇಕು. ನಮಗೆ ಕೊಟ್ಟದ್ದು ಬಟ್ಟೆ ಮಾಸ್ಕ್. ಅದನ್ನೇ ತೊಳೆದು ತೊಳೆದು ಹಾಕಿಕೊಂಡೆವು. ಒಳಗೆ ಬರಲ್ಲ ಅಂದರೆ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. "ಬಾಳ ದೊಡ್ಡವಳಾದಿ ನೀ" ಅನ್ನುತ್ತಾರೆ. ನೀರು ಕೊಟ್ಟರೆ ಕುಡಿಯಲೇಬೇಕು.

ನನಗೆ ಎರಡು ಡೋಸ್ ಆದ ಮೇಲೂ ಬಂತು. ಉಸಿರಿಗೆ ತೊಂದರೆ ಆಗಲಿಲ್ಲ, ಮನೆಯಲ್ಲೇ ಗುಣವಾದೆ. ನಿಮ್ಮ ಫಾರಂನಲ್ಲಿ "ಯಾವ ವಾರ್ಡ್" ಅಂತ ಇದ್ದರೆ ನಾನು ಏನು ಬರೆಯಲಿ?

ಬಾಗಲಕೋಟೆ ಸಿಸ್ಟರ್
ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ತಾಗಿತು. "ಯಾವ ವಾರ್ಡ್" ಅನ್ನುವ ಪ್ರಶ್ನೆ ತೆಗೆದು "ದಿನಕ್ಕೆ ಎಷ್ಟು ಜನರ ಹತ್ತಿರ, ಎಷ್ಟು ಹೊತ್ತು, ಒಳಗೆ ಇಲ್ಲಾ ಹೊರಗೆ" ಅಂತ ಮಾಡಿಸುತ್ತೇನೆ. ಮಾಸ್ಕ್ ಯಾವುದು, ಯಾರು ಕೊಟ್ಟರು, ಎಷ್ಟು ದಿನ ಅದನ್ನೇ ಹಾಕಿಕೊಂಡಿರಿ ಅಂತಲೂ.

ಗುಮ್ಮಟದೂರಿನವ
ಹೊರಗುತ್ತಿಗೆ ಸಿಬ್ಬಂದಿಯನ್ನೂ ಮರೆಯಬೇಡಿ. ಕಸ ಎತ್ತುವವರು, ಶವ ಸಾಗಿಸುವವರು, ಲಾಂಡ್ರಿಯವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರುವುದಿಲ್ಲ. ಹೆಸರಿಲ್ಲದಿದ್ದರೆ ಅಧ್ಯಯನದಲ್ಲೂ ಇರುವುದಿಲ್ಲ. ಜ್ವರ ಬಂದರೂ ಟೆಸ್ಟ್ ಮಾಡಿಸುತ್ತಿರಲಿಲ್ಲ ಅವರು. ಪಾಸಿಟಿವ್ ಬಂದರೆ ಆ ದಿನಗಳ ಕೂಲಿ ಹೋಗುತ್ತಿತ್ತು.

ಲ್ಯಾಬ್ ಕೆಲಸ, ಬೆಳಗಾವಿ
ಈ ಟೆಸ್ಟಿನ ಮಾತನ್ನು ಮುಂದುವರಿಸುತ್ತೇನೆ, ನನ್ನ ಕೆಲಸವೇ ಅದು. 2020ರ ಶುರುವಿನಲ್ಲಿ ನಮ್ಮ ಜಿಲ್ಲೆಯ ಸ್ವಾಬ್ ಬೇರೆ ಊರಿಗೆ ಹೋಗಬೇಕಿತ್ತು. ಆಮೇಲೆ ಇಲ್ಲಿನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಯಲ್ಲೇ ಟೆಸ್ಟ್ ಶುರುವಾಯಿತು.

ಯಾರಿಗೆ ಸೋಂಕು ಬಂತು ಅನ್ನುವುದು ಯಾರಿಗೆ ಟೆಸ್ಟ್ ಆಯಿತು ಅನ್ನುವುದರ ಮೇಲೆ ನಿಂತಿದೆ. ಡಾಕ್ಟರಿಗೆ ಸ್ವಲ್ಪ ಗಂಟಲು ಕೆರೆದರೂ ಅವತ್ತೇ ಆರ್‌ಟಿ-ಪಿಸಿಆರ್. ಆಯಾಗೆ ಜ್ವರ ಬಂದರೆ ಒಂದು ಮಾತ್ರೆ. 2022ರ ಜನವರಿ 10ರಂದು ನಿಯಮವೂ ಸಡಿಲವಾಯಿತು. ಲಕ್ಷಣ ಇಲ್ಲದ ಸಂಪರ್ಕಿತರಿಗೆ ವಯಸ್ಸು ಅಥವಾ ಬೇರೆ ಕಾಯಿಲೆಯ ಅಪಾಯ ಇದ್ದರೆ ಮಾತ್ರ ಟೆಸ್ಟ್ ಅಂದರು. ರ‍್ಯಾಪಿಡ್ ಆಂಟಿಜೆನ್ ನೆಗೆಟಿವ್ ಬಂದವರನ್ನು "ಸೋಂಕು ಇಲ್ಲ" ಅಂತ ಬರೆದುಕೊಂಡದ್ದೂ ಇದೆ. ಅದು ಆರ್‌ಟಿ-ಪಿಸಿಆರ್‌ನಷ್ಟು ಸೂಕ್ಷ್ಮ ಅಲ್ಲ.

ಹಾಗಾಗಿ ಯಾರಾದರೂ "ಡಾಕ್ಟರುಗಳಿಗೆ ಜಾಸ್ತಿ ಬಂತು, ಆಯಾಗಳಿಗೆ ಕಡಿಮೆ" ಅಂತ ಬರೆದರೆ ನಾನು ನಂಬುವುದಿಲ್ಲ. ಫಾರಂನಲ್ಲಿ "ಎಷ್ಟು ಸಲ ಟೆಸ್ಟ್ ಮಾಡಿಸಿದಿರಿ, ಯಾವ ಟೆಸ್ಟ್, ಯಾಕೆ" ಅಂತ ಇರಲೇಬೇಕು.

ಚಿಕ್ಕೋಡಿ ಹುಡುಗ
ನಾನೊಂದು ಕೇಳಲಾ? ಓ ರಕ್ತದ ಗುಂಪಿನವರಿಗೆ ಕೊರೊನಾ ಬರಲ್ಲ ಅಂತ ಆಗ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿತ್ತು. ಕಾರಣ ಹುಡುಕುವಾಗ ರಕ್ತದ ಗುಂಪು ಬೇಡವಾ? ಕಷಾಯ ಕುಡಿಯುತ್ತಿದ್ದವರು, ಕುಡಿಯದವರು ಅಂತ?

ಲ್ಯಾಬ್ ಕೆಲಸ, ಬೆಳಗಾವಿ
ಓ ಗುಂಪಿನ ಎಷ್ಟೋ ಪಾಸಿಟಿವ್ ಸ್ಯಾಂಪಲ್ ನನ್ನ ಕೈ ದಾಟಿ ಹೋಗಿವೆ ತಮ್ಮಾ. ಗುಂಪುಗಳ ನಡುವೆ ಸಣ್ಣ ವ್ಯತ್ಯಾಸ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅದನ್ನು ತಗೊಂಡು ಏನು ಮಾಡುತ್ತೀರಿ? ರಕ್ತದ ಗುಂಪು ಬದಲಾಯಿಸಲು ಆಗುವುದಿಲ್ಲ. ಕಿಟಕಿ ತೆರೆಯಲು ಆಗುತ್ತದೆ.

ಅಮೀನಗಡದವ
ಕಷಾಯ ಕುಡಿದು ಗಂಟಲಿಗೆ ಹಿತ ಆಗುತ್ತದೆ, ಅಷ್ಟೇ ಬಿಡ್ರಿ.

ಮೆಡಿಕಲ್ ರೆಪ್, ಬೆಳಗಾವಿ
ಲಸಿಕೆಯ ಹೆಸರಿನ ಮಾತೇ ಬಂದಿಲ್ಲ. ಕೊವ್ಯಾಕ್ಸಿನ್ ತಗೊಂಡವರಿಗೂ ಕೋವಿಶೀಲ್ಡ್ ತಗೊಂಡವರಿಗೂ ವ್ಯತ್ಯಾಸ ಇತ್ತು ಅಲ್ವಾ? 2020ರಲ್ಲಿ ಕೊವ್ಯಾಕ್ಸಿನ್ ಪ್ರಯೋಗಕ್ಕೆ ಐಸಿಎಂಆರ್ ಆರಿಸಿದ 12 ಆಸ್ಪತ್ರೆಗಳಲ್ಲಿ ನಮ್ಮ ಬೆಳಗಾವಿಯ ಜೀವನ್‌ರೇಖಾ ಕೂಡ ಇತ್ತು. ಆ ಹೆಮ್ಮೆ ನನಗಿದೆ. ಕೊವ್ಯಾಕ್ಸಿನ್ನೇ ಮೇಲು ಅನ್ನುತ್ತೇನೆ.

ಟಿಳಕವಾಡಿ
ಹೆಮ್ಮೆಯ ವಿಷಯಕ್ಕೆ ಬಂದರೆ ನಮ್ಮ ವ್ಯಾಕ್ಸಿನ್ ಡಿಪೋ ಮೈದಾನವನ್ನೂ ನೆನಪಿಸಿಕೊಳ್ಳಿ. ಇವತ್ತಿನ ಹುಡುಗರಿಗೆ ಅದು ವಾಕಿಂಗ್ ಜಾಗ. ಹಿಂದೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ಮೇಲು-ಕೀಳು ಅಂತ ಹಾಗೆ ಹೇಳಲು ಬರುವುದಿಲ್ಲ ಸರ್. ಕೊವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ ಲಕ್ಷಣ ಇರುವ ಕಾಯಿಲೆ ತಡೆಯುವ ಶಕ್ತಿ 77.8% ಬಂತು. ಕೋವಿಶೀಲ್ಡ್‌ನದು ಬೇರೆ ದೇಶ, ಬೇರೆ ಕಾಲ, ಬೇರೆ ವೈರಸ್. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಗೆಲ್ಲಿಸಬಾರದು.

ಹೆಸರಿಗಿಂತ ಮುಖ್ಯವಾದದ್ದು ಎರಡು ಡೋಸಿನ ನಡುವಿನ ಅಂತರ. ಆಸ್ಟ್ರಾಜೆನೆಕಾ ಲಸಿಕೆಯ ಪ್ರಯೋಗಗಳಲ್ಲಿ, ಅಂದರೆ ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟದ್ದರಲ್ಲಿ, ಆರು ವಾರಕ್ಕಿಂತ ಕಡಿಮೆ ಅಂತರ ಇದ್ದವರಿಗೆ ರಕ್ಷಣೆ 55% ಇತ್ತು. 12 ವಾರ ಅಥವಾ ಜಾಸ್ತಿ ಅಂತರ ಇದ್ದವರಿಗೆ 81%. ಆರೋಗ್ಯ ಸಿಬ್ಬಂದಿಗೆ ಎರಡನೇ ಡೋಸ್ ಶುರುವಾದದ್ದು 2021ರ ಫೆಬ್ರವರಿ 13ರಿಂದ, 28 ದಿನ ಆದ ಕೂಡಲೇ. ಅಂತರವನ್ನು 12ರಿಂದ 16 ವಾರ ಮಾಡಿದ್ದು ಮೇ 13ರಂದು. ಅಂದರೆ ಮೊದಲು ತಗೊಂಡ ನಿಮ್ಮಂಥವರೇ ಕಡಿಮೆ ಅಂತರದಲ್ಲಿ ತಗೊಂಡವರು. ಅದು ಯಾರ ತಪ್ಪೂ ಅಲ್ಲ, ಅಲೆ ಬರುವ ಮುಂಚೆ ಎರಡೂ ಡೋಸ್ ಆದದ್ದರಿಂದ ಬಹಳ ಜನ ಉಳಿದರು. ಆದರೆ ಫಾರಂನಲ್ಲಿ ಎರಡೂ ಡೋಸಿನ ತಾರೀಖು ಬೇಕು. "ಎರಡು ಡೋಸ್ ಆಗಿದೆಯಾ, ಹೌದು ಅಥವಾ ಇಲ್ಲ" ಸಾಲದು.

ತಾರೀಖು ಇದ್ದರೆ ಇನ್ನೆರಡು ವಿಷಯ ಸಿಗುತ್ತದೆ. ಒಂದು, ಎರಡನೇ ಡೋಸ್ ಆಗಿ 14 ದಿನ ಕಳೆಯುವ ಮುಂಚೆಯೇ ಸೋಂಕು ಬಂದವರನ್ನು ಪೂರ್ತಿ ಲಸಿಕೆಯವರ ಸಾಲಿಗೆ ಸೇರಿಸಬಾರದು. ಇನ್ನೊಂದು, ಎರಡನೇ ಡೋಸ್ ಆಗಿ ಎಷ್ಟು ತಿಂಗಳಿಗೆ ಸೋಂಕು ಬಂತು. ಇಂಗ್ಲೆಂಡ್ ಕಡೆಯ ಸೈರೆನ್ ಅನ್ನುವ ಅಧ್ಯಯನ ಆಸ್ಪತ್ರೆ ಸಿಬ್ಬಂದಿಯ ಮೇಲೆಯೇ ನಡೆದದ್ದು. ಅಲ್ಲಿ ದೀರ್ಘ ಅಂತರದಲ್ಲಿ ಫೈಜರ್ ಎರಡು ಡೋಸ್ ತಗೊಂಡವರಿಗೆ ಶುರುವಿನಲ್ಲಿ 85% ರಕ್ಷಣೆ. ಆರೇಳು ತಿಂಗಳಿಗೆ ಅದು 51%ಗೆ ಇಳಿಯಿತು. ನಮ್ಮ ಸಿಬ್ಬಂದಿಗೆ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್, ಶುರುವಾದದ್ದು 2022ರ ಜನವರಿ 10. ಅದೂ ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು ಕಳೆದವರಿಗೆ ಮಾತ್ರ. ಅಷ್ಟರಲ್ಲಿ ಒಮಿಕ್ರಾನ್ ಬಂದು ವಾರ್ಡಿನೊಳಗೆ ಕೂತಿತ್ತು.

ನನ್ನನ್ನು ಒಂದೇ ಒಂದು ಕಾರಣ ಹೇಳಿ ಅಂದರೆ, 2022ರ ಜನವರಿಗೆ ನಾನು ಕೊಡುವುದು ಇದನ್ನೇ: ಹೊಸ ವೈರಸ್, ಹಳೆಯದಾದ ಲಸಿಕೆ.

ಐಸಿಯು ಟೆಕ್ನೀಷಿಯನ್
ಹಿಂದೆ ಒಮ್ಮೆ ಬಂದುಹೋದವರ ಕಥೆ ಏನು ಡಾಕ್ಟ್ರೇ? 2020ರಲ್ಲಿ ಬಂದು, ಆಮೇಲೆ ಲಸಿಕೆ ತಗೊಂಡವರು ನಮ್ಮಲ್ಲಿ ಗಟ್ಟಿಯಾಗಿ ಉಳಿದರು.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ನಿಮ್ಮ ಅನುಭವ ಸರಿ ಇದೆ. ಸೈರೆನ್‌ನಲ್ಲೂ ಹಾಗೇ ಕಂಡಿತು. ಸೋಂಕು ಬಂದು ಗುಣವಾಗಿ ಆಮೇಲೆ ಲಸಿಕೆ ತಗೊಂಡವರಿಗೆ ಒಂದು ವರ್ಷ ದಾಟಿದರೂ 90%ಗಿಂತ ಜಾಸ್ತಿ ರಕ್ಷಣೆ ಇತ್ತು. ಇದು ಒಮಿಕ್ರಾನ್ ಮುಂಚಿನ ಮಾತು. ಒಮಿಕ್ರಾನ್ ಬಂದ ಮೇಲೆ ಅವರಲ್ಲೂ ಮತ್ತೆ ಬಂದದ್ದು ಇದೆ.

ಹಾಸ್ಟೆಲ್ ಅಕ್ಕ, ಬೆಳಗಾವಿ
ಬಿಪಿ, ಶುಗರ್ ಇದ್ದವರಿಗೆ ಬೇಗ ಬರುತ್ತದೆ ಅನ್ನುವುದು ಎಷ್ಟು ನಿಜ? ನಮ್ಮಲ್ಲಿ ಶುಗರ್ ಇರುವ ಹಿರಿಯ ಸಿಸ್ಟರುಗಳಿಗೆ ಬರಲೇ ಇಲ್ಲ, ಇಪ್ಪತ್ತೈದರ ಹುಡುಗಿಯರಿಗೇ ಬಂತು.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ಶುಗರ್, ಬಿಪಿ ಮುಖ್ಯವಾಗಿ ಕಾಯಿಲೆ ಜೋರಾಗುವ ಅಪಾಯ ಹೆಚ್ಚಿಸುತ್ತವೆ. ಸೋಂಕು ತಗುಲುವುದೇ ಬೇರೆ, ಜೋರಾಗುವುದೇ ಬೇರೆ. ನಿಮ್ಮ ಆಸ್ಪತ್ರೆಯಲ್ಲಿ ಹಿರಿಯರನ್ನು ಕೋವಿಡ್ ವಾರ್ಡಿಗೆ ಹಾಕಿರಲಿಕ್ಕಿಲ್ಲ. ಹುಡುಗಿಯರಿಗೆ ಡ್ಯೂಟಿ ಜಾಸ್ತಿ, ಮೇಲಾಗಿ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿ ಹಲವರು. ವಯಸ್ಸಿನ ಹಿಂದೆ ಅಡಗಿರುವುದು ಡ್ಯೂಟಿ ಮತ್ತು ರೂಮು. ಕಿಡ್ನಿ ಕಸಿ ಆದವರು, ಕ್ಯಾನ್ಸರ್ ಔಷಧಿ ತಗೊಳ್ಳುವವರ ಮಾತು ಬೇರೆ. ಅವರ ಮೈಯಲ್ಲಿ ಲಸಿಕೆಯೇ ಸರಿಯಾಗಿ ಹಿಡಿಯುವುದಿಲ್ಲ.

ಹಾಸ್ಟೆಲ್ ಅಕ್ಕ, ಬೆಳಗಾವಿ
ಹೌದು, ನಮ್ಮಲ್ಲಿ ಹಿರಿಯರನ್ನು ಒಪಿಡಿಗೆ ಹಾಕಿದ್ದರು.

ಜಮಖಂಡಿ ಬ್ರದರ್
ಒಂದು ವಿಷಯಕ್ಕೆ ನಾನು ಜಗಳಕ್ಕೇ ಬಂದಿದ್ದೇನೆ. ಇಲ್ಲಿ ಮಾಸ್ಕು, ಊಟ, ಮನೆ ಅಂತ ಎಲ್ಲರೂ ನರ್ಸ್ ಏನು ಮಾಡಿದಳು ಅನ್ನುವುದನ್ನೇ ಎಣಿಸುತ್ತಿದ್ದೀರಿ. ಮತ್ತೆ ಕೊನೆಗೆ ಅದೇ ಆಗುತ್ತದೆ: "ತಪ್ಪು ನಿಮ್ಮದೇ."

ನೈಟ್ ಡ್ಯೂಟಿ ಮುಗಿಸಿದವರನ್ನು ಬೆಳಗ್ಗೆಯೂ ನಿಲ್ಲಿಸಿಕೊಂಡದ್ದು ಯಾರು? ಒಬ್ಬರಿಗೆ ಇಷ್ಟೇ ಬೆಡ್ ಅನ್ನುವ ಲೆಕ್ಕ ಮೀರಿ ವಾರ್ಡ್ ತುಂಬಿದ್ದು ಯಾರು? ಜ್ವರ ಇದೆ ಅಂದರೆ "ಒಂದು ಮಾತ್ರೆ ತಗೊಂಡು ಬಾ, ಜನ ಇಲ್ಲ" ಅಂದದ್ದು ಯಾರು? ಹಾಗೆ ಜ್ವರದಲ್ಲಿ ಬಂದವರಿಂದ ಉಳಿದವರಿಗೆ ಹಬ್ಬಿತು. ಒಂದು ಎನ್-95 ಅನ್ನು ಪೇಪರ್ ಕವರಿನಲ್ಲಿ ಇಟ್ಟು ಮತ್ತೆ ಮತ್ತೆ ಹಾಕಿಕೊಂಡೆವು. ದಾರ ಸಡಿಲವಾಗಿ ಮೂಗಿನ ಪಕ್ಕ ಗಾಳಿ ಹೋಗುತ್ತಿತ್ತು. ಇವೆಲ್ಲ ವ್ಯವಸ್ಥೆಯ ಕಾರಣಗಳು. ಫಾರಂನಲ್ಲಿ ಅವೂ ಇರಬೇಕು, ಇಲ್ಲದಿದ್ದರೆ ಆ ಪ್ರಾಜೆಕ್ಟ್ ಮಾಡುವುದೇ ಬೇಡ.

ಬಾಗಲಕೋಟೆ ಸಿಸ್ಟರ್
ಬ್ರದರ್, ನಾನು ಈ ಪ್ರಶ್ನೆ ಇಲ್ಲಿ ಹಾಕಿದ್ದೇ ಈ ಮಾತು ಯಾರಾದರೂ ಹೇಳಲಿ ಅಂತ. ಆಸ್ಪತ್ರೆಯೊಳಗೆ ಕೂತು ಹೇಳಲು ಹುಡುಗಿಯರಿಗೆ ಧೈರ್ಯ ಸಾಲುವುದಿಲ್ಲ.

ಪಿಎಸ್‌ಎಂ ಡಾಕ್ಟರ್, ವಿಜಯಪುರ
ಬ್ರದರ್ ಹೇಳಿದ್ದನ್ನು ಪ್ರಶ್ನೆ ಮಾಡಬಹುದು. ವಾರಕ್ಕೆ ಎಷ್ಟು ತಾಸು ಡ್ಯೂಟಿ, ಸತತ ಎಷ್ಟು ನೈಟ್, ಒಬ್ಬರಿಗೆ ಎಷ್ಟು ಪೇಶೆಂಟ್, ಎನ್-95 ಎಷ್ಟು ದಿನಕ್ಕೊಮ್ಮೆ ಹೊಸದು, ಲಕ್ಷಣ ಇದ್ದಾಗ ರಜೆ ಸಿಕ್ಕಿತಾ, ಆ ರಜೆಗೆ ಸಂಬಳ ಇತ್ತಾ. ಇದನ್ನು ಕೇಳಲು ಭಯ ಪಡಬೇಕಿಲ್ಲ, ಆದರೆ ಹೆಸರು ಬರೆಸಬೇಡಿ. ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ತಗೊಳ್ಳಿ.

ಎಷ್ಟೋ ವರ್ಷ ಕಳೆದಿದೆ, ಇದೂ ಒಂದು ತೊಡಕು. ಸೋಂಕು ಬಂದವರು ಆ ವಾರವನ್ನು ಚೆನ್ನಾಗಿ ನೆನಪಿಟ್ಟಿರುತ್ತಾರೆ. "ಅವತ್ತು ಮಾಸ್ಕ್ ಜಾರಿತ್ತು" ಅಂತ ಹೇಳುತ್ತಾರೆ. ಬರದವರಿಗೂ ಮಾಸ್ಕ್ ಜಾರಿರುತ್ತದೆ, ಆದರೆ ನೆನಪಿರುವುದಿಲ್ಲ. ಅದಕ್ಕೆ ನೆನಪನ್ನೇ ನಂಬಬೇಡಿ. ಲಸಿಕೆಯ ತಾರೀಖು ಕೋವಿನ್ ಸರ್ಟಿಫಿಕೇಟಿನಲ್ಲಿ ಇದೆ. ಡ್ಯೂಟಿ ಹಳೆಯ ರಿಜಿಸ್ಟರಿನಲ್ಲಿ ಇದೆ. ಸೋಂಕು ಬಂದ ಒಬ್ಬರಿಗೆ, ಅದೇ ತಿಂಗಳು ಅದೇ ವಾರ್ಡಿನಲ್ಲಿ ಇದ್ದು ಸೋಂಕು ಬರದ ಇಬ್ಬರನ್ನು ಜೋಡಿ ಮಾಡಿ ಹೋಲಿಸಿ. ಆಗ ಐಸಿಯು ಸಿಸ್ಟರಿಗೂ ರೆಕಾರ್ಡ್ ರೂಮಿನವರಿಗೂ ನೇರ ಹೋಲಿಕೆ ಮಾಡುವ ಗೊಂದಲ ಇರುವುದಿಲ್ಲ.

ಲ್ಯಾಬ್ ಕೆಲಸ, ಬೆಳಗಾವಿ
"ಸೋಂಕು ಬರದವರು" ಅಂತ ತೆಗೆದುಕೊಳ್ಳುವಾಗ ಒಮ್ಮೆಯಾದರೂ ಆರ್‌ಟಿ-ಪಿಸಿಆರ್ ನೆಗೆಟಿವ್ ಇದ್ದವರನ್ನೇ ತಗೊಳ್ಳಿ. ಟೆಸ್ಟೇ ಆಗದವರನ್ನು ತಗೊಂಡರೆ ಲೆಕ್ಕ ಕೆಡುತ್ತದೆ.

ಗುಮ್ಮಟದೂರಿನವ
ಆದರೆ ಹಾಗೆ ಮಾಡಿದರೆ ಟೆಸ್ಟ್ ಆಗದ ಹೊರಗುತ್ತಿಗೆಯವರು ಮತ್ತೆ ಹೊರಗುಳಿಯುತ್ತಾರಲ್ಲ?

ಲ್ಯಾಬ್ ಕೆಲಸ, ಬೆಳಗಾವಿ
ಉಳಿಯುತ್ತಾರೆ, ನೀವು ಹೇಳುವುದು ಸರಿ. ಅವರಿಗೆ ಬೇರೆ ಟೇಬಲ್ ಮಾಡಲಿ. ಟೆಸ್ಟ್ ಯಾಕೆ ಆಗಲಿಲ್ಲ ಅನ್ನುವುದನ್ನೇ ಅಲ್ಲಿ ಬರೆಯಲಿ. ಅದೂ ಒಂದು ಫಲಿತಾಂಶವೇ.

ಬಾಗಲಕೋಟೆ ಸಿಸ್ಟರ್
ಎಲ್ಲರಿಗೂ ಧನ್ಯವಾದ. ಹೊಸ ಫಾರಂನಲ್ಲಿ ಡೋಸಿನ ತಾರೀಖು, ಟೆಸ್ಟಿನ ವಿವರ, ಮನೆಯಲ್ಲಿ ಯಾರಿಗೆ ಮೊದಲು ಬಂತು ಮತ್ತು ಅವರಿಗೆ ಲಸಿಕೆ ಆಗಿತ್ತಾ, ಊಟ ಮಾಡುವ ಜಾಗ, ಕಿಟ್ ಬಿಚ್ಚುವ ಜಾಗ, ಮಾಸ್ಕ್, ಡ್ಯೂಟಿ ತಾಸು, ರಜೆ ಎಲ್ಲ ಸೇರಿಸುತ್ತಿದ್ದೇವೆ. ಅಥಣಿಯ ಅಕ್ಕನಿಗೆ ಒಂದು ಕೋರಿಕೆ. ಆಶಾದವರಿಗೆ ಬೇರೆ ಫಾರಂ ಮಾಡುತ್ತಿದ್ದೇವೆ. ಹಾಕುವ ಮುಂಚೆ ನೀವೊಮ್ಮೆ ಓದಿ, ಯಾವ ಪ್ರಶ್ನೆ ಬಿಟ್ಟುಹೋಗಿದೆ ಹೇಳುತ್ತೀರಾ?

ಆಶಾ ಕಾರ್ಯಕರ್ತೆ, ಅಥಣಿ ಕಡೆ
ಕಳಿಸಿ ಮೇಡಂ. ನಮ್ಮ ಪಕ್ಕದ ಊರುಗಳ ಆಶಾದವರಿಗೂ ತೋರಿಸುತ್ತೇನೆ. ದಿನಕ್ಕೆ ಎಷ್ಟು ಮನೆ ಅಂತ ಒಂದು ಪ್ರಶ್ನೆ ಈಗಲೇ ಸೇರಿಸಿಬಿಡಿ. ಯಾರ ಗಾಡಿಯಲ್ಲಿ, ಎಷ್ಟು ಜನ ಒಟ್ಟಿಗೆ ಕೂತು ಹೋಗುತ್ತಿದ್ದಿರಿ ಅಂತಲೂ ಕೇಳಿ. ಟೆಂಪೋದಲ್ಲಿ ಒತ್ತಿಕೊಂಡು ಕೂತು ಹೋಗುತ್ತಿದ್ದೆವು ನಾವು.